ಸತ್ಯಾಂಶ: ರಾಮ-ಸೀತೆಯ ಅರ್ಧಾಣೆಗೆ ಕೋಟಿ ರೂಪಾಯಿ ಸಿಗುತ್ತದೆಯೇ?

"1818ರ ಈಸ್ಟ್ ಇಂಡಿಯಾ ಕಂಪನಿಯ ಅರ್ಧಾಣೆ, ಎರಡಾಣೆ ನಾಣ್ಯದಲ್ಲಿ ರಾಮ-ಸೀತೆಯ ಚಿತ್ರ ಇದ್ದರೆ ಕೋಟಿ ಸಿಗುತ್ತದೆ." ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲೂ ಇದು ಓಡಾಡುತ್ತಿದೆ.

ಇದು ಸುಳ್ಳು. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಇವು ಪೂಜೆಗೆ, ಮಾರಾಟಕ್ಕೆ ಅಂತ ಆಮೇಲೆ ಮಾಡಿದ ಬಿಲ್ಲೆಗಳು. 1818ರಲ್ಲಿ ಕೊಡಗು ಕಂಪನಿಯ ಕೈಯಲ್ಲೂ ಇರಲಿಲ್ಲ. ಆಗ ಆಳುತ್ತಿದ್ದವರು ಲಿಂಗರಾಜೇಂದ್ರ; ಕಂಪನಿ ಬಂದದ್ದು 1834ರಲ್ಲಿ.

ಕಂಪನಿಯ 1835ರ ಅಸಲಿ ಅರ್ಧಾಣೆ ತಾಮ್ರದ್ದು, ತೂಕ ಸುಮಾರು 13 ಗ್ರಾಂ. ಒಂದು ಬದಿ ಕಂಪನಿಯ ಲಾಂಛನ, ಇನ್ನೊಂದು ಬದಿ ಎಲೆಗಳ ಹಾರದೊಳಗೆ ಬೆಲೆ. ದೇವರ ಚಿತ್ರ ಇಲ್ಲ.

ಹಾಗಾದರೆ ಕಂಪನಿ ದೇವರ ಚಿತ್ರವನ್ನೇ ಹಾಕಿಲ್ವಾ? ಹಾಕಿದೆ, ಮತ್ತು ಅವು ನಿಜಕ್ಕೂ ಚೆಂದ. 1808ರ ಸುಮಾರಿಗೆ ಮದ್ರಾಸಿನಲ್ಲಿ ಚಿನ್ನದ ಎರಡು ವರಹ, ಬೆಳ್ಳಿಯ ಅರ್ಧ ವರಹ ಅಚ್ಚಾದವು. ಬೆಳ್ಳಿಯದನ್ನು ಹತ್ತಿರ ಹಿಡಿದು ನೋಡಿ: ಒಂದು ಕಡೆ ಗೋಪುರ, ಸುತ್ತ ಇಂಗ್ಲಿಷ್ ಮತ್ತು ಪರ್ಷಿಯನ್ ಬರಹ. ತಿರುಗಿಸಿದರೆ ಚುಕ್ಕೆಗಳ ನಡುವೆ ವಿಷ್ಣು, ಸುತ್ತ ತಮಿಳು, ತೆಲುಗು. ಸಂಗ್ರಹಕಾರರು ಹುಡುಕುವುದು ಇಂಥದ್ದನ್ನು. ಬೆಲೆ ನಿರ್ಧಾರವಾಗುವುದು ಸವೆತ, ಅಪರೂಪ ನೋಡಿ, ಸುಮ್ನೆ ಇಸವಿ ನೋಡಿ ಅಲ್ಲ.

ಐನ್‌ಮನೆಯ (ಕೊಡಗಿನ ಮನೆತನದ ಹಿರಿಮನೆ) ಪೆಟ್ಟಿಗೆಯಲ್ಲಿ ಹಳೆಯ ನಾಣ್ಯ ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಮಾರಿಕೊಡುತ್ತೇವೆಂದು ರಿಸರ್ವ್ ಬ್ಯಾಂಕ್ ಹೆಸರಲ್ಲಿ ಯಾರಾದರೂ ಮುಂಗಡ ಶುಲ್ಕ ಕೇಳಿದರೆ ಕೊಡಬೇಡಿ. ಇಂಥ ವ್ಯವಹಾರ ತಾನು ಮಾಡುವುದಿಲ್ಲ ಎಂದು ಬ್ಯಾಂಕ್ 2021ರಲ್ಲೇ ತಿಳಿಸಿದೆ.