ಗುಡ್ಡವೇ ಇಳಿದು ಬರುವ ಘಾಟಿ

ಘಾಟಿ ರಸ್ತೆ ಅಂದರೆ ಗುಡ್ಡ ನೋಡೋಕೆ ಜನ ಹತ್ತಿ ಹೋಗುವ ದಾರಿ, ಅಲ್ವಾ? ಬಳ್ಳಾರಿ ಜಿಲ್ಲೆಯ ನಮ್ಮ ಸಂಡೂರಿನಲ್ಲಿ ಆ ಕಷ್ಟ ಇಲ್ಲ. ಗುಡ್ಡವೇ ಲಾರಿ ಹತ್ತಿ, ಟಾರ್ಪಾಲು ಹೊದ್ದುಕೊಂಡು, ನಿಮ್ಮನ್ನು ನೋಡೋಕೆ ಇಳಿದು ಬರುತ್ತದೆ. ನೀವು ಸುಮ್ನೆ ರಸ್ತೆ ಪಕ್ಕ ನಿಂತರೆ ಸಾಕು. ಒಂದಿಷ್ಟು ಗುಡ್ಡ ಅಂಗಿಯ ಮೇಲೂ ಕೂತಿರುತ್ತದೆ.

ಈ ದಾರಿಯ ಇತಿಹಾಸ ದೊಡ್ಡದು. ಮೊದಲ ಗುತ್ತಿಗೆದಾರ ನಾರಿಹಳ್ಳ. ಟೆಂಡರ್ ಇಲ್ಲ, ಗುದ್ದಲಿ ಪೂಜೆ ಇಲ್ಲ, ಬಿಲ್ಲೂ ಇಲ್ಲ. ನೀರು ತನ್ನ ಪಾಡಿಗೆ ಹರಿದು ಬೆಟ್ಟ ಸೀಳಿತು. ಭೀಮಗಂಡಿ, ಉಬ್ಬಳಗಂಡಿ ಅಂತ ಗಂಡಿಗಳಾದವು. ಆ ಕೆಲಸ ಇಂದಿಗೂ ಗಟ್ಟಿಯಾಗಿದೆ. ಆಮೇಲೆ ಬಂದವರು ಹಾಕಿದ ಡಾಂಬರು ಒಂದು ಮಳೆಗಾಲ ತಡೆದರೆ ಹಬ್ಬ.

ಮುಂದೆ ಬ್ರಿಟಿಷರು ಬಂದರು. ಬಳ್ಳಾರಿಯ ಬಿಸಿಲು ತಾಳದ ದಂಡಿನವರಿಗೆ ಮೂರು ಸಾವಿರ ಅಡಿ ಮೇಲಿನ ರಾಮನದುರ್ಗದಲ್ಲಿ ತಂಪು ಸಿಕ್ಕಿತು. ಗಾಳಿ ಕುಡಿಯೋಕೆ ಬೆಟ್ಟ ಹತ್ತುವುದು ಅವರ ಕಾಲದ ಔಷಧ. ಈಗ ಅದೇ ಗಾಳಿಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೋಗುತ್ತೇವೆ.

1934ರಲ್ಲಿ ಗಾಂಧೀಜಿ ಬಂದಿದ್ದರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಎಂದು ಹೇಳಿ ಹೋದರಂತೆ. ಊರವರು ಈಗಲೂ ನೆಂಟರಿಗೆ ಅದನ್ನೇ ಹೇಳುತ್ತಾರೆ. ಸುಳ್ಳಲ್ಲ, ಆಗ ಹಸಿರು ಉಕ್ಕುತ್ತದೆ. ಹಸಿರಿನ ಬುಡದಲ್ಲಿ ಕೆಂಪು ಕೆಸರೂ ಉಕ್ಕುತ್ತದೆ. ಉಳಿದ ತಿಂಗಳು ಧೂಳು. ಆಯ್ಕೆ ನಿಮ್ಮದು.

ನಿಜವಾದ ವೈಭವ ಬಂದದ್ದು ಚೀನಾ ಕೈ ಚಾಚಿದ ಮೇಲೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಅಲ್ಲಿ ಉಕ್ಕಿನ ಹಸಿವು ಜಾಸ್ತಿಯಾಯಿತು. ನಮ್ಮ ಅದಿರು ಸಾಲು ಸಾಲು ಲಾರಿಯಲ್ಲಿ ಬಂದರಿಗೆ ಹೊರಟಿತು. ಊರಿನಿಂದ ಒಬ್ಬ ಹುಡುಗನೂ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ಗುಡ್ಡ ಹೋಯಿತು. ಪದಕ ಮಾತ್ರ ಬರಲಿಲ್ಲ.

2011ರಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಳಿಗೆ ತಡೆ ಹಾಕಿತು. ರಸ್ತೆಗೆ ಉಸಿರು ಬಂದಂತಾಯಿತು. ನಾನು ಚಹಾ ಕುಡಿಯುವ ಅಂಗಡಿಯ ಅಕ್ಕ ಗ್ಲಾಸಿನ ಮೇಲೆ ತಟ್ಟೆ ಮುಚ್ಚುವುದನ್ನು ಬಿಟ್ಟರು. ಆಮೇಲೆ ಷರತ್ತು, ಮಿತಿ, ಲೆಕ್ಕ ಎಲ್ಲ ಹಾಕಿ ಗಣಿ ಮತ್ತೆ ಶುರುವಾಯಿತು. ಮಿತಿ ಎಷ್ಟು ಅಂತ ಅಕ್ಕನಿಗೆ ಗೊತ್ತಿಲ್ಲ. ತಟ್ಟೆ ಮಾತ್ರ ವಾಪಸ್ ಬಂದಿದೆ.

ಈಗ ಪ್ರವಾಸಿಗರನ್ನು ಕರೆಯುವ ಉತ್ಸಾಹ. ಅಂಗಡಿ ಎದುರು ಒಂದು ಬೋರ್ಡ್ ನೆಟ್ಟಿದ್ದಾರೆ. ಪ್ರಕೃತಿ ಸೌಂದರ್ಯ ಸವಿಯಿರಿ ಎಂದು ಬರೆದಿರಬೇಕು. ‘ಪ್ರಕೃತಿ’ ಪೂರ್ತಿ ಧೂಳಿನ ಕೆಳಗಿದೆ. ಉಳಿದ ಧೂಳಿನ ಮೇಲೆ ಯಾರೋ ಹುಡುಗ ಬೆರಳಿನಲ್ಲಿ ತನ್ನ ಹೆಸರು ಗೀಚಿ, ಪಕ್ಕದಲ್ಲಿ ಹಾರ್ಟ್ ಬಿಡಿಸಿದ್ದಾನೆ. ದಿನಾ ಬೆಳಗ್ಗೆ ಟ್ಯಾಂಕರ್ ನೀರು ಚಿಮುಕಿಸಿ ಹೋಗುತ್ತದೆ. ಚಹಾ ಮುಗಿಯುವಷ್ಟರಲ್ಲಿ ರಸ್ತೆ ಒಣಗಿರುತ್ತದೆ. ದೊಡ್ಡವರು ಬರುವ ದಿನ ಮಾತ್ರ ಟ್ಯಾಂಕರ್ ಎರಡೆರಡು ಸಲ ಬರುತ್ತದೆ.

ಮೊನ್ನೆ ಬೆಂಗಳೂರಿನ ಕಾರೊಂದು ಅಲ್ಲೇ ನಿಂತಿತು. ಬಿಳಿ ಅಂಗಿ, ಕೊರಳಲ್ಲಿ ಕ್ಯಾಮೆರಾ. ಹಿಂದೆ ಬಂದ ಲಾರಿ ಡ್ರೈವರ್‌ನನ್ನೇ ಕೇಳಿದರು.

“ಅಣ್ಣಾ, ವ್ಯೂ ಪಾಯಿಂಟ್ ಎಲ್ಲಿದೆ?”

ಆತ ಹೆಬ್ಬೆರಳನ್ನು ಹಿಂದಿನ ಲೋಡಿನ ಕಡೆ ತೋರಿಸಿದ.

“ಇದರಾಗ ಐತ್ರಿ ಸಾರ್. ಸ್ವಲ್ಪ ಸೈಡ್ ಕೊಡ್ರಿ.”