ಪಿನ್ನು ಕೀಳಬೇಡಿ, ಫೋಟೊ ತೆಗೀರಿ

ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಹತ್ತಿಯನ್ನೂ ಸಿಡಿಮದ್ದನ್ನೂ ಒಟ್ಟಿಗೆ ತುಂಬಿಕೊಂಡಿದ್ದ ಹಡಗು ಸಿಡಿದು, ಆರಿಸಲು ಹೋದ ಹತ್ತಾರು ಸಿಬ್ಬಂದಿ ಸತ್ತರು. ಅವರ ನೆನಪಿಗೆ ಹಾಸನದ ನಮ್ಮ ಕಚೇರಿ ಕೇಸರಿಬಾತ್ ಮಾಡಿಸಿತು. ಜೊತೆಗೆ ಬೆಂಕಿ ಆರಿಸುವ ಸಿಲಿಂಡರಿನ 'ಪ್ರಾಯೋಗಿಕ ತರಬೇತಿ'.

ಹೇಳಿಕೊಡಲು ಬಂದಾತ ಪಾಪ ಕೆಲಸ ಗೊತ್ತಿದ್ದವನು. "ಟ್ರೇಯಲ್ಲಿ ಒಂಚೂರು ಡೀಸೆಲ್ ಹಚ್ಚೋಣ ಸಾರ್, ಒಬ್ಬೊಬ್ರೇ ಬಂದು ಆರಿಸ್ಲಿ" ಅಂದ.

ಸಾಹೇಬರು ಹೌಹಾರಿದರು. "ಮೊನ್ನೆ ತಾನೆ ಪೇಂಟ್ ಹೊಡ್ಸಿದೀವಿ ಕಣ್ರೀ! ಪಿನ್ ಬೇರೆ ಕೀಳ್ಬೇಡಿ, ರೀಫಿಲ್ ಬಿಲ್ಲು ಯಾವ ಹೆಡ್ಡಿಗೆ ಹಾಕ್ಲಿ?"

ಕೊನೆಗೆ ಫ್ಲೆಕ್ಸಿನಲ್ಲಿ ಅಚ್ಚಾಗಿದ್ದ ಬೆಂಕಿಯನ್ನೇ ಆರಿಸುವುದೆಂದಾಯಿತು. ಜ್ವಾಲೆಗಲ್ಲ, ಬುಡಕ್ಕೆ ಗುರಿಯಿಟ್ಟು ಅತ್ತಿಂದಿತ್ತ ಬೀಸಬೇಕು ಅಂತ ಅವನು ಹೇಳಿಕೊಟ್ಟ. ಫ್ಲೆಕ್ಸಿನ ಬುಡದಲ್ಲಿ ಶುಭಕೋರುವವರ ಫೋಟೊಗಳಿದ್ದವು. ಬಾಯಲ್ಲೇ 'ಬುಸ್' ಅನ್ನುತ್ತ ಎಲ್ಲರೂ ಅವರ ಮುಖಕ್ಕೇ ಬೀಸಿದೆವು. ನೌಕರರಲ್ಲಿ ಅಷ್ಟು ಹುಮ್ಮಸ್ಸು ನಾನು ಸಂಬಳದ ದಿನವೂ ಕಂಡಿಲ್ಲ.

ಸಿಲಿಂಡರಿಗೆ ಆಯುಧಪೂಜೆಯ ಚೆಂಡುಹೂವು ಒಣಗಿ ಅಂಟಿತ್ತು. ಮೀಟರಿನ ಗಾಜಿನ ಮೇಲಿದ್ದ ಕುಂಕುಮವನ್ನು ಆತ ಹೆಬ್ಬೆರಳಲ್ಲಿ ಉಜ್ಜಿದ; ಒಳಗೂ ಕೆಂಪೇ. ಹಸಿರಿನಲ್ಲಿರಬೇಕಾದ ಮುಳ್ಳು ಕೆಂಪಿನಲ್ಲಿ ಮಲಗಿತ್ತು. ತಪಾಸಣೆ ಚೀಟಿಯಲ್ಲಿ ಮಾತ್ರ ಡಿಸೆಂಬರ್‌ವರೆಗೂ 'ಸರಿ ಇದೆ' ಅಂತ ಸಹಿ ಬಿದ್ದಿದೆ. ನಾವಿನ್ನೂ ಏಪ್ರಿಲ್‌ನಲ್ಲಿದ್ದೆವು ಅನ್ನುವುದು ನಮ್ಮ ತಪ್ಪು.

ಹೋಸ್ ಪೆಟ್ಟಿಗೆಯಲ್ಲಿ ಪೊರಕೆ, ಫಿನಾಯಿಲ್. ಹಿತ್ತಾಳೆ ನಾಝಲ್ ಎಂದೋ ಗುಜರಿ ಸೇರಿದೆ.

ಸೀಲಿಂಗಿನ ಸ್ಪ್ರಿಂಕ್ಲರ್ ಕಡೆ ಕೈ ತೋರಿಸಿ, "ಅದರ ಕೆಂಪು ಗಾಜಿನ ಬಲ್ಬು 68 ಡಿಗ್ರಿ ಕಾವಿಗೆ ಒಡೆದು ನೀರು ಬಿಡುತ್ತೆ" ಅಂದ. ಅಕೌಂಟ್ಸ್ ಮೇಡಂಗೆ ಗಾಬರಿ: "ಒಂದು ಒಡೆದ್ರೆ ಎಲ್ಲಾ ಫೈಲೂ ನೆನೆಯುತ್ತಾ?"

"ಇಲ್ಲಮ್ಮ, ಕಾವು ತಗುಲಿದ್ದು ಮಾತ್ರ ಒಡೆಯೋದು. ಎಲ್ಲಾ ಒಟ್ಟಿಗೆ ಸುರಿಯೋದು ಸಿನಿಮಾದಲ್ಲಿ."

ಮೇಡಂ ನಿರಾಳರಾದರು. ಬಡವರ ಊಟಿಯಲ್ಲಿ 68 ಡಿಗ್ರಿ ಎಲ್ಲಿಂದ ಬರಬೇಕು? ಆತ ಮಾತ್ರ ಕತ್ತೆತ್ತಿ ನೋಡುತ್ತಲೇ ನಿಂತ. ಕೆಂಪು ಬಲ್ಬು ಎಲ್ಲೂ ಕಾಣಲಿಲ್ಲ. ಮೊನ್ನೆಯ ಪೇಂಟಿನಲ್ಲಿ ಅವೂ ಸುಣ್ಣದಷ್ಟು ಬೆಳ್ಳಗಾಗಿದ್ದವು.

"ಇವನ್ನ ಬದಲಾಯಿಸ್ಬೇಕು ಸಾರ್."

"ನೀಟಾಗಿ ಬಂದಿದೆ ಅಲ್ವಾ?" ಅಂದರು ಸಾಹೇಬರು.

ಸರ್ಟಿಫಿಕೇಟು, ಗ್ರೂಪ್ ಫೋಟೊ, ಚಪ್ಪಾಳೆ. ಜನ ಚದುರಿದ ಮೇಲೆ ವಾಚ್‌ಮನ್ ಅಣ್ಣ ಸಿಲಿಂಡರ್ ಎತ್ತಿಕೊಂಡು ಹೋಗಿ ಮೆಟ್ಟಿಲ ಹತ್ತಿರದ, ಬೆಂಕಿ-ಹೊಗೆ ತಡೆಯುವ ಫೈರ್ ಡೋರಿಗೆ ಒತ್ತುಕೊಟ್ಟ.

"ಇಲ್ಲೇ ಇರ್ಬೇಕಾ ಅಣ್ಣ?"

"ಹೂಂ ಸಾ, ಇದಿಲ್ದಿದ್ರೆ ಬಾಗ್ಲು ತಾನಾಗೇ ಮುಚ್ಕೊಂಡ್‌ಬುಡುತ್ತೆ."