ಫಿಲ್ಮ್ ಸಿಟಿ ಬರಲಿ, ಆದರೆ ತಾಲ್ಲೂಕಿಗೊಂದು ಪರದೆ ಮೊದಲು ಕೊಡಿ

ಮೈಸೂರಿಗೆ ಫಿಲ್ಮ್ ಸಿಟಿ ಬೇಡ ಅಂತ ನಾನು ಹೇಳುತ್ತಿಲ್ಲ. ಬರಲಿ. 2025ರ ಬಜೆಟ್‌ನಲ್ಲಿ 150 ಎಕರೆ ಜಾಗ, ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂಪಾಯಿ ಅಂತ ಮುಖ್ಯಮಂತ್ರಿಗಳು ಓದಿದಾಗ ನನಗೂ ಖುಷಿಯಾಯಿತು. ಆದರೆ ಈ ಯೋಜನೆ ಎಷ್ಟು ಸಲ ಊರು ಬದಲಾಯಿಸಿದೆ ನೋಡಿ. ಮೊದಲು ನಂಜನಗೂಡು ಹತ್ತಿರದ ಹಿಮ್ಮಾವು ಅಂದರು. ಸರ್ಕಾರ ಬದಲಾಯಿತು, ರಾಮನಗರಕ್ಕೆ ಹೋಯಿತು. ಮತ್ತೆ ಸರ್ಕಾರ ಬದಲಾಯಿತು, ಬೆಂಗಳೂರಿನ ರೋರಿಚ್ ಎಸ್ಟೇಟ್ ಅಂದರು. ಈಗ ತಿರುಗಿ ಮೈಸೂರಿಗೇ ಬಂದಿದೆ.

ಇಷ್ಟು ವರ್ಷ ಶೂಟಿಂಗ್ ಎಲ್ಲಿ ಮಾಡೋದು ಅಂತ ಎಲ್ಲರೂ ಜಗ್ಗಾಡಿದರು. ತೆಗೆದ ಸಿನಿಮಾ ಎಲ್ಲಿ ತೋರಿಸೋದು ಅಂತ ಯಾರೂ ಕೇಳಲಿಲ್ಲ. ನನ್ನ ತಕರಾರು ಇದೊಂದೇ.

ಶೂಟಿಂಗ್‌ಗೆ ನಮ್ಮ ಕಡೆ ಯಾವತ್ತೂ ಕೊರತೆ ಇರಲಿಲ್ಲ. ಮೇಲುಕೋಟೆಯ ಕಲ್ಯಾಣಿ, ಕೆಆರ್‌ಎಸ್, ಲಲಿತಮಹಲ್, ಎಲ್ಲ ಭಾಷೆಯವರೂ ಬಂದು ತೆಗೆದುಕೊಂಡು ಹೋಗಿದ್ದಾರೆ. ಹಳ್ಳಿ ಕಥೆ ಅಂದರೆ ಶ್ರೀರಂಗಪಟ್ಟಣದ ಹತ್ತಿರದ ಮಹದೇವಪುರಕ್ಕೆ ಕ್ಯಾಮೆರಾ ಬರುತ್ತಿತ್ತು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೊ ಇತ್ತು. ಆ ಹೆಸರು ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು. 1989ರ ಫೆಬ್ರುವರಿ 8ರಂದು ಟಿಪ್ಪು ಸುಲ್ತಾನ್ ಕುರಿತ ಟಿವಿ ಧಾರಾವಾಹಿಯ ಶೂಟಿಂಗ್ ವೇಳೆ ಅಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. ಈಗ ಹೊಸದಾಗಿ ಕಟ್ಟುವವರು ಬೆಂಕಿ ಆರಿಸುವ ವ್ಯವಸ್ಥೆ, ಹೊರಗೆ ಓಡುವ ಬಾಗಿಲು ಇವನ್ನೆಲ್ಲ ನಕ್ಷೆಯಲ್ಲಿ ಜನರಿಗೆ ತೋರಿಸಿ ಆಮೇಲೆ ಗುದ್ದಲಿ ಪೂಜೆ ಮಾಡಬೇಕು.

ಈಗ ಟಾಕೀಸಿನ ವಿಷಯಕ್ಕೆ ಬರ್ತೀನಿ. ಕೊರೊನಾ ಬಂದ ಮೇಲೆ ಮೈಸೂರಿನಲ್ಲಿ ಶಾಂತಲ, ಲಕ್ಷ್ಮಿ, ಸರಸ್ವತಿ ಬಾಗಿಲು ಹಾಕಿದವು. ಮಾಲೀಕರನ್ನು ಬೈದು ಏನೂ ಪ್ರಯೋಜನ ಇಲ್ಲ. ಊರ ನಡುವೆ ಅಷ್ಟು ದೊಡ್ಡ ಜಾಗ ಇಟ್ಟುಕೊಂಡು, ಕರೆಂಟ್ ಬಿಲ್ಲು, ಕೆಲಸದವರ ಸಂಬಳ ಕೊಟ್ಟು, ವಾರದ ದಿನಗಳಲ್ಲಿ ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸು ಅಂದರೆ ಯಾರು ತಾನೇ ತೋರಿಸುತ್ತಾರೆ? ದೊಡ್ಡ ಸ್ಟಾರ್ ಸಿನಿಮಾ ವರ್ಷಕ್ಕೆ ಎರಡೋ ಮೂರೋ ಬಂದರೆ ಹೆಚ್ಚು. ಉಳಿದ ತಿಂಗಳು ಅವರು ಹೊಟ್ಟೆಗೆ ಏನು ಮಾಡಬೇಕು?

ಒಂಟಿ ಪರದೆಯ ಟಾಕೀಸಿನಲ್ಲಿ ಹೆಚ್ಚಾಗಿ ವಾರದ ಬಾಡಿಗೆ ಲೆಕ್ಕ. ಜನ ಬರಲಿ ಬಿಡಲಿ, ನಿರ್ಮಾಪಕ ಬಾಡಿಗೆ ಕಟ್ಟಬೇಕು. ಸಣ್ಣ ಸಿನಿಮಾದವನಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಹಾಗಾಗಿ ಮಾಲ್ ಕಡೆ ಹೋಗುತ್ತಾನೆ. ಅಲ್ಲಿ ಪರ್ಸೆಂಟೇಜ್ ಲೆಕ್ಕ. 200 ರೂಪಾಯಿ ಟಿಕೆಟ್ ಅಂದುಕೊಳ್ಳಿ. ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 36 ರೂಪಾಯಿ. ನಾವು ಕೊಡೋದು 236. ತೆರಿಗೆ ಸರ್ಕಾರಕ್ಕೆ ಹೋಯಿತು. ಉಳಿದ 200ರಲ್ಲಿ ಮೊದಲ ವಾರ ಸುಮಾರು ಅರ್ಧ ಮಲ್ಟಿಪ್ಲೆಕ್ಸ್‌ಗೆ. ಇನ್ನರ್ಧದಲ್ಲಿ ವಿತರಕರ ಕಮಿಷನ್, ಪೋಸ್ಟರ್ ಖರ್ಚು, ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ. ಈ ಶುಲ್ಕದ ಜಗಳಕ್ಕೇ 2018ರ ಮಾರ್ಚ್‌ನಲ್ಲಿ ದಕ್ಷಿಣದ ಹಲವು ಕಡೆ ಹೊಸ ಸಿನಿಮಾಗಳ ಬಿಡುಗಡೆ ನಿಂತಿತ್ತು. ವಾರ ಕಳೆದಂತೆ ನಿರ್ಮಾಪಕನ ಪಾಲು ಇಳಿಯುತ್ತಾ ಹೋಗುತ್ತದೆ. ಆದರೆ ಸ್ಟಾರ್ ಇಲ್ಲದ ಸಿನಿಮಾಗೆ ಜನ ಬರೋದೇ ಎರಡನೇ ವಾರ, ನೋಡಿದವರು ನಾಲ್ಕು ಜನರಿಗೆ ಹೇಳಿದ ಮೇಲೆ. ಅಷ್ಟು ಹೊತ್ತಿಗೆ ಸಿನಿಮಾನೇ ಇರಲ್ಲ.

ಪಾಂಡವಪುರ ಕಡೆಯ ನನ್ನ ಸ್ನೇಹಿತನೊಬ್ಬ ಸಹ ನಿರ್ದೇಶಕ. ಅವರ ಸಿನಿಮಾಗೆ ಮೈಸೂರಿನ ಒಂದು ಮಾಲ್‌ನಲ್ಲಿ ಬೆಳಗ್ಗೆ ಹತ್ತು ಗಂಟೆಯ ಒಂದೇ ಶೋ ಸಿಕ್ಕಿತು. ಬೆಳಗ್ಗೆ ಹತ್ತಕ್ಕೆ ಕೆಲಸ ಬಿಟ್ಟು ಯಾರು ಬರ್ತಾರೆ? ಸೋಮವಾರ ಎತ್ತಿಬಿಟ್ಟರು. ಮಂಗಳವಾರ ಅವನಿಗೆ ಫೋನ್ ಮಾಡಿ 'ಎಲ್ಲಿ ಹಾಕಿದ್ದಾರೆ ಗುರು?' ಅಂತ ಕೇಳಿದವರೇ ಜಾಸ್ತಿ.

ಆಮೇಲೆ ಎಲ್ಲರೂ ಹೇಳುವ ಮಾತು, 'ಒಟಿಟಿಗೆ ಬರುತ್ತೆ ಬಿಡು, ಮನೇಲೇ ನೋಡೋಣ.' ಬರಲ್ಲ ಸ್ವಾಮಿ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಸಿನಿಮಾಗಳು ಬಿಡುಗಡೆಯಾಗುತ್ತವೆ. ದೊಡ್ಡ ವೇದಿಕೆಗಳು ದುಡ್ಡು ಕೊಟ್ಟು ಕೊಳ್ಳುವುದು ಅದರಲ್ಲಿ ಬೆರಳೆಣಿಕೆಯಷ್ಟನ್ನು. ಉಳಿದವರಿಗೆ, ಎಷ್ಟು ಗಂಟೆ ನೋಡಿದರೋ ಅಷ್ಟಕ್ಕೆ ಇಷ್ಟು ಅನ್ನುವ ಲೆಕ್ಕ. ರಕ್ಷಿತ್ ಶೆಟ್ಟಿ ಅಂಥವರಿಗೇ 'ಏಕಂ' ಸರಣಿಗೆ ವೇದಿಕೆ ಸಿಗಲಿಲ್ಲ. 2024ರ ಜುಲೈನಲ್ಲಿ ಅವರ ತಂಡ ತನ್ನದೇ ವೆಬ್‌ಸೈಟ್ ಮಾಡಿ ಏಳು ಕಂತುಗಳನ್ನು ಬಿಡುಗಡೆ ಮಾಡಬೇಕಾಯಿತು. ಅಷ್ಟು ಹೆಸರು ಮಾಡಿದವರ ಗತಿಯೇ ಹೀಗಾದರೆ ಮಳವಳ್ಳಿಯಿಂದ ಮೊದಲ ಸಿನಿಮಾ ಮಾಡುವ ಹುಡುಗಿಯ ಕಥೆ ಏನು? ಟಾಕೀಸಿನಲ್ಲಿ ಓಡಿದ್ದಕ್ಕೆ ಲೆಕ್ಕ ತೋರಿಸು ಅಂತ ಒಟಿಟಿ ಕೇಳುತ್ತೆ. ಟಾಕೀಸು ಜಾಗವೇ ಕೊಡಲ್ಲ. ಒಟಿಟಿಗೆ ಬರಲಿ ಅಂತ ಪ್ರೇಕ್ಷಕ ಮನೆಯಲ್ಲಿ ಕಾಯುತ್ತಾನೆ. ಈ ಸುತ್ತಿನಲ್ಲಿ ಎಷ್ಟು ಒಳ್ಳೆ ಸಿನಿಮಾಗಳು ಸುಮ್ನೆ ಕಳೆದುಹೋದವೋ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಫಿಲ್ಮ್ ಸಿಟಿ ಘೋಷಿಸಿದ ಅದೇ ಬಜೆಟ್‌ನಲ್ಲಿ ಸರ್ಕಾರ ತನ್ನದೇ ಒಟಿಟಿ ಮಾಡುತ್ತೇವೆ ಅಂತಲೂ ಹೇಳಿತ್ತು. ನನ್ನ ಪ್ರಕಾರ ಫಿಲ್ಮ್ ಸಿಟಿಗಿಂತ ಇದು ಮುಖ್ಯ. ಪಕ್ಕದ ಕೇರಳ 2024ರ ಮಾರ್ಚ್‌ನಲ್ಲೇ ಸಿ-ಸ್ಪೇಸ್ ಶುರು ಮಾಡಿತು. ಒಂದು ಸಿನಿಮಾಗೆ 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕನಿಗೆ. ಎಷ್ಟು ನೇರ ಲೆಕ್ಕ ನೋಡಿ. ನಮ್ಮಲ್ಲೂ ಅಷ್ಟೇ ನೇರವಾಗಿ ಬರೆದು ಪ್ರಕಟಿಸಲಿ.

ಟಿಕೆಟ್ ದರ 200 ರೂಪಾಯಿ ಮೀರಬಾರದು ಅನ್ನುವ ಸರ್ಕಾರದ ಮಿತಿಯೂ ಒಳ್ಳೆ ಯೋಚನೆಯೇ. 2025ರ ಸೆಪ್ಟೆಂಬರ್‌ನಲ್ಲಿ ನಿಯಮ ಬಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಕೋರ್ಟಿನ ಜಗಳ ಒಂದು ಕಡೆ ಇರಲಿ. ತಾಲ್ಲೂಕು ಊರಿನ ಟಾಕೀಸಿಗೆ ಆ ಮಿತಿಯಿಂದ ಏನೂ ವ್ಯತ್ಯಾಸ ಆಗಲ್ಲ, ಅಲ್ಲಿ ಟಿಕೆಟ್ ಅಷ್ಟು ದುಬಾರಿ ಇರಲೇ ಇಲ್ಲ. ಅಲ್ಲಿಗೆ ನಿಜವಾಗಿ ಸಹಾಯ ಆಗೋದು ಬೇರೆ. 100 ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ ಈಗ ಶೇ 12ರಿಂದ 5ಕ್ಕೆ ಇಳಿದಿದೆ. ಅಂದರೆ 100 ರೂಪಾಯಿ ಟಿಕೆಟ್‌ನಲ್ಲಿ ಸಿನಿಮಾ ತೋರಿಸುವವನಿಗೆ ದಾರಿ ಸ್ವಲ್ಪ ಸಲೀಸಾಗಿದೆ. ಇದೇ ಹೊತ್ತಿಗೆ ಸರ್ಕಾರ ಕೈ ಜೋಡಿಸಬೇಕು. ಸಾವಿರ ಸೀಟಿನ ಹಳೇ ಟಾಕೀಸನ್ನು ಇನ್ನೂರು ಸೀಟಿನ ಎರಡು ಪರದೆ ಮಾಡಿಕೊಳ್ಳಲು ಸಾಲ ಕೊಡಲಿ, ಬಡ್ಡಿಯ ಭಾರ ತಾನು ಹೊರಲಿ. ಅದಕ್ಕೆ ಬದಲಾಗಿ ಒಂದು ಷರತ್ತು ಹಾಕಲಿ: ದಿನಕ್ಕೊಂದು ಸಂಜೆ ಶೋ ಹೊಸ ಕನ್ನಡ ಸಿನಿಮಾಗೆ, ಕನಿಷ್ಠ ಎರಡು ವಾರ. ಬೆಳಗ್ಗೆ ಹತ್ತರ ಶೋ ಅಲ್ಲ, ಸಂಜೆಯದು. ಗದ್ದೆ ಕೆಲಸ, ಫ್ಯಾಕ್ಟರಿ ಕೆಲಸ, ಅಂಗಡಿ ಕೆಲಸ ಮುಗಿಸಿಕೊಂಡು ಸಂಸಾರ ಸಮೇತ ಬರುವಂಥದ್ದು.

ಮೈಸೂರು, ಮಂಡ್ಯ, ಕೊಡಗು (ಕೂರ್ಗ್), ಹಾಸನ ಸಿನಿಮಾ ವ್ಯಾಪಾರದಲ್ಲಿ ಒಂದೇ ಏರಿಯಾ, ಗಾಂಧಿನಗರದವರ ಬಾಯಲ್ಲಿ ಎಂಎಂಸಿಎಚ್. ಕನ್ನಡ ಸಿನಿಮಾವನ್ನು ಕೈ ಹಿಡಿದ ಏರಿಯಾ ಇದು. ಇಲ್ಲಿಂದಲೇ ಶುರುವಾಗಲಿ ಅನ್ನೋದು ನನ್ನ ಆಸೆ. ಈ ಭಾಗದ ಶಾಸಕರಿಗೆ ಒಂದು ಮನವಿ ಬರೆಯುತ್ತಿದ್ದೇನೆ. ಅದಕ್ಕೆ ಊರೂರಿನ ವಿವರ ಬೇಕು. ಮದ್ದೂರು, ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ, ಹುಣಸೂರು, ಪಿರಿಯಾಪಟ್ಟಣ, ಟಿ. ನರಸೀಪುರ ಕಡೆಯವರು ಹೇಳಿ: ನಿಮ್ಮೂರಲ್ಲಿ ಈಗ ಎಷ್ಟು ಟಾಕೀಸು ನಡೀತಿವೆ, ಎಷ್ಟು ಮುಚ್ಚಿವೆ, ಬಾಲ್ಕನಿ ಟಿಕೆಟ್ ಎಷ್ಟಿದೆ, ಕಳೆದ ತಿಂಗಳು ಯಾವ ಕನ್ನಡ ಸಿನಿಮಾ ಹಾಕಿದ್ದರು?